ಪೀಪಾಯಿಯ ಋಣ

ಮಲೆನಾಡಿನ ಹಳೆಯ ಮನೆಗಳಲ್ಲಿ ಉಪ್ಪಿಗೆಂದೇ ಮರದ ಮರಿಗೆಯೊಂದು ಇರುತ್ತಿತ್ತು. ಉಪ್ಪು ಮುಗಿದ ಮೇಲೆ ಅದನ್ನು ಹತ್ತು ಸಲ ತೊಳೆದು ಬಿಸಿಲಿಗಿಟ್ಟರೂ ಅದು ಉಪ್ಪಿನ ಮರಿಗೆಯಾಗಿಯೇ ಉಳಿಯುತ್ತಿತ್ತು. ಮಳೆಗಾಲ ಹಿಡಿಯಿತೆಂದರೆ ಮೈಯೆಲ್ಲ ಬೆವರುತ್ತಿತ್ತು. ಗಾಜಿಗಾಗಲಿ ಪಿಂಗಾಣಿಗಾಗಲಿ ಇಲ್ಲದ ಗುಣ ಮರಕ್ಕಿದೆ. ತನ್ನೊಳಗೆ ಇಟ್ಟದ್ದನ್ನು ಅದು ಕುಡಿಯುತ್ತದೆ, ಕುಡಿದದ್ದನ್ನು ಮರೆಯುವುದಿಲ್ಲ, ಮುಂದೆ ಬಂದದ್ದಕ್ಕೆ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುತ್ತದೆ.

ಸ್ಕಾಟ್ಲೆಂಡಿನ ಅತ್ಯಂತ ದುಬಾರಿ ವಿಸ್ಕಿಗಳ ಪೈಕಿ ಹಲವು ಮರದ ಈ ಗುಣವನ್ನೇ ನಂಬಿಕೊಂಡಿವೆ. 2023ರ ನವೆಂಬರ್‌ನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಮೆಕಾಲನ್ ಕಂಪೆನಿಯ ಒಂದೇ ಒಂದು ಬಾಟಲಿ 21 ಲಕ್ಷ ಪೌಂಡಿಗಿಂತ ಹೆಚ್ಚಿಗೆ ಮಾರಾಟವಾಯಿತು. 1926ರಲ್ಲಿ ಭಟ್ಟಿ ಇಳಿಸಿ, ಅರವತ್ತು ವರ್ಷ ಷೆರಿ ಪೀಪಾಯಿಯಲ್ಲಿ ಇಟ್ಟಿದ್ದ ವಿಸ್ಕಿ ಅದು. ಅಷ್ಟು ದೂರ ಹೋಗಬೇಕಿಲ್ಲ. ವಿದೇಶದಿಂದ ಬಂದ ನೆಂಟರ ಕೈಚೀಲದಲ್ಲಿ ಕಾಣುವ ಸಾಧಾರಣ ಬಾಟಲಿಯ ಮೇಲೂ 'ಷೆರಿ ಕಾಸ್ಕ್' ಎಂಬ ಎರಡು ಪದಗಳಿದ್ದರೆ ಅದರ ಬೆಲೆ ಮೇಲಿರುತ್ತದೆ.

ಏನಿದು ಷೆರಿ ಕಾಸ್ಕ್? ವಿಸ್ಕಿಗೆ ಷೆರಿ ಬೆರೆಸಿದ್ದಾರೆಯೇ? ಬೆರೆಸಿಲ್ಲವಾದರೆ ಅದರ ಹೆಸರೇಕೆ? ಬೆಲೆ ತೆತ್ತವನ ನಾಲಿಗೆಗೆ ನಿಜಕ್ಕೂ ಸಿಗುವುದು ಏನು? ಪ್ರಶ್ನೆಗಳು ಸರಳ. ಉತ್ತರ ಹುಡುಕಲು ಮಾತ್ರ ಸ್ಕಾಟ್ಲೆಂಡಿನಿಂದ ಸ್ಪೇನಿನ ದಕ್ಷಿಣ ತುದಿಯವರೆಗೆ ಹೋಗಿಬರಬೇಕು.

ಬಣ್ಣವಿಲ್ಲದ ಹುಟ್ಟು

ಮಾಲ್ಟ್ ವಿಸ್ಕಿ ಹುಟ್ಟುವುದು ಬಾರ್ಲಿಯಿಂದ. ಕಾಳನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ ಬಿಸಿನೀರಿನಲ್ಲಿ ಅದರ ಸಿಹಿಯನ್ನು ಇಳಿಸಿಕೊಳ್ಳುತ್ತಾರೆ. ಯೀಸ್ಟ್ ಸೇರಿಸಿ ಹುದುಗು ಬರಿಸುತ್ತಾರೆ. ಆಮೇಲೆ ತಾಮ್ರದ ಹಂಡೆಗಳಲ್ಲಿ ಸಾಮಾನ್ಯವಾಗಿ ಎರಡು ಬಾರಿ ಭಟ್ಟಿ ಇಳಿಸುತ್ತಾರೆ. ಹೀಗೆ ಇಳಿದದ್ದು ನೀರಿನಷ್ಟೇ ತಿಳಿಯಾಗಿರುತ್ತದೆ. ಅದರಲ್ಲಿ ಶೇಕಡಾ 70ರ ಆಸುಪಾಸು ಮದ್ಯಸಾರ. ಮೂಗಿಗೆ ಧಾನ್ಯದ, ಒಂದಿಷ್ಟು ಹಣ್ಣಿನ ವಾಸನೆ, ನಾಲಿಗೆಗೆ ಬೆಂಕಿ. ಬಾಟಲಿಯಲ್ಲಿ ನಾವು ಕಾಣುವ ಹೊನ್ನಿನ ಬಣ್ಣವಾಗಲಿ, ಜೇನಿನ ಸವಿಯಾಗಲಿ ಆಗ ಅದಕ್ಕಿಲ್ಲ.

ಕಾನೂನಿನ ಕಣ್ಣಿನಲ್ಲಿ ಅದಿನ್ನೂ ವಿಸ್ಕಿಯೂ ಅಲ್ಲ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಬ್ರಿಟನ್ ಎಳೆಯ ಮದ್ಯದ ಮಾರಾಟಕ್ಕೆ ಕಡಿವಾಣ ಹಾಕಿತು. ಕನಿಷ್ಠ ಎರಡು ವರ್ಷ ದಾಸ್ತಾನಿರಬೇಕು ಎಂದಿದ್ದ ನಿಯಮ ಮರುವರ್ಷವೇ ಮೂರು ವರ್ಷಕ್ಕೆ ಏರಿತು. ಈಗ ಜಾರಿಯಲ್ಲಿರುವ 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ, 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದಲ್ಲೇ, ಕನಿಷ್ಠ ಮೂರು ವರ್ಷ ಮಾಗಿದ್ದು ಮಾತ್ರ ಸ್ಕಾಚ್. ಅದಕ್ಕೆ ನೀರು ಮತ್ತು ಬಣ್ಣಕ್ಕಾಗಿ ಕ್ಯಾರಮೆಲ್ ಬಿಟ್ಟರೆ ಬೇರೇನನ್ನೂ ಸೇರಿಸುವಂತಿಲ್ಲ.

ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟ: ಷೆರಿ ಬೆರೆಸಿದರೆ ಅಪರಾಧ. ಆದರೆ ಷೆರಿಯಿದ್ದ ಪೀಪಾಯಿಯ ಹಲಗೆಗಳು ಹಲವು ಲೀಟರ್ ವೈನನ್ನು ಹೀರಿಕೊಂಡು ಕೂತಿರುತ್ತವೆ. ಅಂಥ ಪೀಪಾಯಿಗೆ ವಿಸ್ಕಿ ತುಂಬಿದರೆ ಅದು ತಾನಾಗಿ ಒಸರಿ ಬೆರೆಯುತ್ತದೆ. ಕೈಯಾರೆ ಸುರಿಯುವಂತಿಲ್ಲ, ಮರ ಕೊಟ್ಟರೆ ತಕರಾರಿಲ್ಲ! ವಿಸ್ಕಿಯ ರುಚಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಪೀಪಾಯಿಯದೇ ಎಂದು ತಯಾರಕರೇ ಹೇಳುತ್ತಾರೆ. ಹೂವಿನಿಂದ ನಾರು ಸ್ವರ್ಗಕ್ಕೆ ಹೋಯಿತೆನ್ನುವುದು ನಮ್ಮ ಗಾದೆ. ಇಲ್ಲಿ ನಾರಿನಿಂದ ಹೂವಿಗೆ ಪರಿಮಳ ಬಂದಿದೆ.

ಹೆರೆಸ್ ಎಂಬ ಊರು

ಸ್ಪೇನಿನ ಆಂಡಲೂಸಿಯ ಪ್ರಾಂತ್ಯದಲ್ಲಿ, ಅಟ್ಲಾಂಟಿಕ್ ಕಡಲಿಗೆ ಹತ್ತಿರದಲ್ಲಿ, ಹೆರೆಸ್ ದೆ ಲಾ ಫ್ರಾಂತೆರ ಎಂಬ ಊರಿದೆ. ಅರಬರ ಆಳ್ವಿಕೆಯಲ್ಲಿ ಅದರ ಹೆಸರು ಷೆರಿಷ್. ಇಂಗ್ಲಿಷರ ಬಾಯಲ್ಲಿ ಅದೇ ಷೆರಿ. ಆ ಊರು, ನೆರೆಯ ಸಾನ್‌ಲೂಕರ್ ಮತ್ತು ಎಲ್ ಪುಯರ್ತೊ ಊರುಗಳ ಸುಣ್ಣದಂಥ ಬಿಳಿ ಮಣ್ಣಿನಲ್ಲಿ ಪಾಲೊಮಿನೊ ಎಂಬ ಬಿಳಿ ದ್ರಾಕ್ಷಿ ಬೆಳೆಯುತ್ತಾರೆ. ಅದರ ವೈನಿಗೆ ದ್ರಾಕ್ಷಿಯಿಂದಲೇ ಇಳಿಸಿದ ಗಡಸು ಮದ್ಯವನ್ನು ಸೇರಿಸಿ ಬಲಪಡಿಸಿದರೆ ಷೆರಿಯಾಗುತ್ತದೆ.

ಷೆರಿಯಲ್ಲಿ ಹಲವು ಬಗೆ. ಶೇಕಡಾ 15ರಷ್ಟಕ್ಕೆ ಮಾತ್ರ ಬಲಪಡಿಸಿದರೆ ವೈನಿನ ಮೇಲೆ ಯೀಸ್ಟಿನ ಕೆನೆಯೊಂದು ಕಟ್ಟುತ್ತದೆ. ಸ್ಪೇನಿನವರು ಅದನ್ನು ಹೂವು ಎಂಬ ಅರ್ಥದ 'ಫ್ಲೋರ್' ಎಂಬ ಹೆಸರಿನಿಂದ ಕರೆಯುತ್ತಾರೆ. ಆ ಕೆನೆಯ ಕೆಳಗೆ ಗಾಳಿ ತಾಗದೆ ಉಳಿದದ್ದು ಫಿನೊ: ತಿಳಿ ಹಳದಿ, ಒಣ ರುಚಿ. ಶೇಕಡಾ 17ಕ್ಕೆ ಏರಿಸಿದರೆ ಕೆನೆ ಬದುಕುವುದಿಲ್ಲ. ಗಾಳಿಯೊಡನೆ ವರ್ಷಗಟ್ಟಲೆ ಒಡನಾಡಿ ಕಂದು ಬಣ್ಣಕ್ಕೆ ತಿರುಗಿ, ಅಕ್ರೋಟಿನ ವಾಸನೆ ಬರುವ ಆ ವೈನು ಓಲೊರೋಸೊ. ಪೇದ್ರೊ ಹಿಮೆನೆಸ್ ಎಂಬ ಇನ್ನೊಂದು ದ್ರಾಕ್ಷಿಯನ್ನು ಬಿಸಿಲಿನಲ್ಲಿ ಬಾಡಿಸಿ ಮಾಡಿದ ವೈನು ಕಾಕಂಬಿಯಷ್ಟು ಕಪ್ಪು, ಬೆಲ್ಲದ ಪಾಕದಷ್ಟು ಮಂದ. ವಿಸ್ಕಿಯವರಿಗೆ ಬೇಕಾಗಿರುವುದು ಮುಖ್ಯವಾಗಿ ಈ ಕೊನೆಯ ಎರಡು.

ಇಂಗ್ಲಿಷರಿಗೆ ಈ ವೈನಿನ ಹುಚ್ಚು ಹಳೆಯದು. 1587ರಲ್ಲಿ ಕಾದಿಸ್ ಬಂದರಿಗೆ ದಾಳಿಯಿಟ್ಟ ಫ್ರಾನ್ಸಿಸ್ ಡ್ರೇಕ್ ಸುಮಾರು 2,900 ಪೀಪಾಯಿ ಷೆರಿಯನ್ನು ಲೂಟಿ ಹೊಡೆದು ತಂದನೆಂದು ಹೇಳುತ್ತಾರೆ. ಷೇಕ್ಸ್‌ಪಿಯರನ ಡೊಳ್ಳುಹೊಟ್ಟೆಯ ಫಾಲ್‌ಸ್ಟಾಫ್ 'ಸ್ಯಾಕ್' ಎಂದು ಹಾಡಿ ಹೊಗಳುವುದೂ ಇದನ್ನೇ. 1870ರ ದಶಕದಲ್ಲಿ ಬ್ರಿಟನ್ನಿನಲ್ಲಿ ಷೆರಿಯ ಆಮದು ಉತ್ತುಂಗದಲ್ಲಿತ್ತು. ಬಂದದ್ದೆಲ್ಲ ಪೀಪಾಯಿಗಳಲ್ಲೇ ಬರುತ್ತಿತ್ತು. ಅಂದ ಹಾಗೆ, ಕನ್ನಡದ 'ಪೀಪಾಯಿ' ಕೂಡ ಆ ಕಡೆಯದೇ. ಪೋರ್ಚುಗೀಸರ 'ಪೀಪಾ' ನಮ್ಮ ಕರಾವಳಿಗೆ ಬಂದಿಳಿದು ಪೀಪಾಯಿಯಾಯಿತು.

ಜಿಪುಣತನದ ಫಲ

ಬ್ರಿಸ್ಟಲ್, ಲಂಡನ್, ಎಡಿನ್‌ಬರೋ ಪಕ್ಕದ ಲೀತ್ ಬಂದರುಗಳಲ್ಲಿ ಷೆರಿಯನ್ನು ಬಾಟಲಿಗೆ ತುಂಬುತ್ತಿದ್ದರು. ಬಳಿಕ ಬರಿದಾದ ಪೀಪಾಯಿಗಳನ್ನೇನು ಮಾಡುವುದು? ಐನೂರು ಲೀಟರಿನ ಖಾಲಿ ಪೀಪಾಯಿಯನ್ನು ಹಡಗಿನಲ್ಲಿ ಸ್ಪೇನಿಗೆ ಹಿಂದಿರುಗಿಸುವುದು ದಂಡದ ಖರ್ಚು. ಪಕ್ಕದಲ್ಲೇ ಸ್ಕಾಟ್ಲೆಂಡಿನ ಭಟ್ಟಿಯವರಿದ್ದರು. ಅವರಿಗೆ ಪೀಪಾಯಿ ಬೇಕು, ಹೊಸತಕ್ಕೆ ಹಣ ತೆರಲು ಮನಸ್ಸಿಲ್ಲ. ಅಗ್ಗಕ್ಕೆ ಸಿಕ್ಕಿದ್ದನ್ನು ತಂದು ವಿಸ್ಕಿ ತುಂಬಿಟ್ಟರು.

ವರ್ಷಗಳು ಕಳೆದು ಮುಚ್ಚಳ ತೆಗೆದಾಗ ಒಳಗಿದ್ದದ್ದು ಬೇರೆಯೇ ಆಗಿತ್ತು. ಕೆಂಪು ಕಂದು ಬಣ್ಣ, ಒಣಹಣ್ಣಿನ ಘಮ. ಜಿಪುಣತನದಿಂದ ಆರಂಭವಾದದ್ದು ಜಾಣತನವೆನಿಸಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗ್ಲಾಸ್ಗೊದ ವಿಸ್ಕಿ ವರ್ತಕ ಡಬ್ಲ್ಯು. ಪಿ. ಲೌರಿ ಷೆರಿ ಆಮದಿನ ವ್ಯವಹಾರವನ್ನೂ ಮಾಡುತ್ತಿದ್ದವನು. ವೈನು ಹೀರಿದ ಪೀಪಾಯಿಯಲ್ಲಿ ವಿಸ್ಕಿ ಮಾಗಿಸುವುದನ್ನು ಒಂದು ಪದ್ಧತಿಯಾಗಿ ಬೆಳೆಸಿದವರಲ್ಲಿ ಅವನ ಹೆಸರು ಮೊದಲು ಬರುತ್ತದೆ. ಸ್ಪೇ ನದಿಯ ಕಣಿವೆಯಲ್ಲಿ 1865ರಿಂದ ಗ್ರಾಂಟ್ ಕುಟುಂಬದ ಕೈಯಲ್ಲಿರುವ ಗ್ಲೆನ್‌ಫಾರ್ಕ್ಲಾಸ್, 1824ರಲ್ಲಿ ಪರವಾನಗಿ ಪಡೆದ ಮೆಕಾಲನ್, ಅಬರ್ಡೀನ್ ಸೀಮೆಯಲ್ಲಿ 1826ರಲ್ಲಿ ಆರಂಭವಾದ ಗ್ಲೆನ್‌ಡ್ರೋನಕ್ ಈ ಪೀಪಾಯಿಗಳಿಂದಲೇ ಹೆಸರು ಮಾಡಿದವು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನೂರು ವರ್ಷ ಷೆರಿ ಮಾಗಿದ ಪುರಾತನ ಪೀಪಾಯಿಗಳು ಸ್ಕಾಟ್ಲೆಂಡಿಗೆ ಬಂದವು ಎಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ಹೆರೆಸ್‌ನಲ್ಲಿ ಷೆರಿ ಮಾಗುವುದು 'ಸೊಲೆರಾ' ಎಂಬ ಪದ್ಧತಿಯಲ್ಲಿ. ಪೀಪಾಯಿಗಳನ್ನು ಸಾಲುಸಾಲಾಗಿ ಇಟ್ಟು, ಅತಿ ಹಳೆಯ ಸಾಲಿನಿಂದ ಸ್ವಲ್ಪ ವೈನು ತೆಗೆದು, ಆ ಜಾಗವನ್ನು ಅದಕ್ಕಿಂತ ಎಳೆಯ ಸಾಲಿನಿಂದ ತುಂಬುತ್ತಾ ಹೋಗುತ್ತಾರೆ. ಹೆಪ್ಪಿಗೆ ನಿನ್ನೆಯ ಮಜ್ಜಿಗೆ ಉಳಿಸಿಕೊಂಡಂತೆ ಹಳೆಯದು ಪೂರ್ತಿ ಬರಿದಾಗುವುದೇ ಇಲ್ಲ. ಆ ಪೀಪಾಯಿಗಳ ಮರದ ಸತ್ವ ಎಂದೋ ಇಳಿದುಹೋಗಿರುತ್ತದೆ. ವೈನಿನವರಿಗೆ ಬೇಕಾದ್ದೂ ಅದೇ. ಅವರು ಅದನ್ನು ಮಾರುವುದೂ ಅಪರೂಪ. ಸ್ಕಾಟ್ಲೆಂಡಿಗೆ ಬಂದವು ಸಾಗಣೆಗೆಂದು ಮಾಡಿದ, ಇನ್ನೂ ಕಸುವು ಉಳಿದಿದ್ದ ಪೀಪಾಯಿಗಳು.

ಕಾಲ ಬದಲಾಯಿತು

ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಷೆರಿಯ ಗ್ರಹಗತಿ ಕೆಟ್ಟಿತು. ಮಧ್ಯಾಹ್ನದ ಊಟಕ್ಕೆ ಮುಂಚೆ ಅಜ್ಜಿಯರು ಕುಡಿಯುವ ಪಾನೀಯವೆಂದು ಹೊಸ ತಲೆಮಾರಿನವರು ಮೂಗು ಮುರಿದರು. ಜೊತೆಗೆ ಸ್ಪೇನ್ ಸರ್ಕಾರ ಷೆರಿಯನ್ನು ತನ್ನ ನೆಲದಲ್ಲೇ ಬಾಟಲಿಗೆ ತುಂಬಬೇಕೆಂದು ಪಟ್ಟುಹಿಡಿಯಿತು. 1980ರ ದಶಕದಲ್ಲಿ ನಿಯಮಗಳು ಬಿಗಿಯಾಗುತ್ತಾ ಹೋಗಿ, ಸ್ಪೇನ್ 1986ರಲ್ಲಿ ಯುರೋಪಿಯನ್ ಸಮುದಾಯಕ್ಕೆ ಸೇರುವ ಹೊತ್ತಿಗೆ ಪೀಪಾಯಿಗಳಲ್ಲಿ ಷೆರಿ ಸಾಗಿಸುವ ಶತಮಾನಗಳ ವ್ಯಾಪಾರಕ್ಕೆ ತೆರೆ ಬಿತ್ತು. ಬಂದರಿನಲ್ಲಿ ರಾಶಿ ಬೀಳುತ್ತಿದ್ದ ಖಾಲಿ ಪೀಪಾಯಿಗಳು ಮಾಯವಾದವು.

ಸ್ಕಾಟ್ಲೆಂಡಿನವರು ಏನು ಮಾಡಿದರು? ಬಹುಪಾಲು ಮಂದಿ ಅಮೆರಿಕದ ಕಡೆ ತಿರುಗಿ ಆಗಲೇ ಬಹಳ ಕಾಲವಾಗಿತ್ತು. ಅಲ್ಲಿನ ಬರ್ಬನ್ ವಿಸ್ಕಿಗೆ ಹೊಸ ಮರದ, ಒಳಗೆ ಸುಟ್ಟ ಪೀಪಾಯಿಯೇ ಬೇಕೆಂಬುದು ಕಾನೂನು. ಒಮ್ಮೆ ಬಳಸಿದ 200 ಲೀಟರಿನ ಪೀಪಾಯಿಗಳು ಅಗ್ಗಕ್ಕೆ ಸಿಗುತ್ತವೆ. ಇಂದು ಸ್ಕಾಚಿನ ಬಹುಭಾಗ ಮಾಗುವುದು ಅವುಗಳಲ್ಲೇ.

ಷೆರಿಯ ರುಚಿಯನ್ನು ಬಿಡಲಾರದವರು ಪೀಪಾಯಿಯನ್ನು ಬೇಡಿಕೆ ಕೊಟ್ಟು ಮಾಡಿಸತೊಡಗಿದರು. ಉತ್ತರ ಸ್ಪೇನಿನ ಕಾಡುಗಳ ಓಕ್ ಮರವನ್ನೋ ಅಮೆರಿಕದ ಓಕ್ ಮರವನ್ನೋ ಸೀಳಿ, ಹಲಗೆಗಳನ್ನು ಬಯಲಿನಲ್ಲಿ ಒಣಗಿಸಿ, ಹೆರೆಸ್‌ನ ಕಾರ್ಖಾನೆಗಳಲ್ಲಿ ಬೆಂಕಿಗೆ ಬಾಗಿಸಿ ಪೀಪಾಯಿ ಕಟ್ಟುತ್ತಾರೆ. ಅದಕ್ಕೆ ಎಳೆಯ ಷೆರಿ ತುಂಬಿ ಒಂದೆರಡು ವರ್ಷ ಬಿಡುತ್ತಾರೆ. ಆಮೇಲೆ ವೈನು ಬಸಿದು ಪೀಪಾಯಿಯನ್ನು ಸ್ಕಾಟ್ಲೆಂಡಿಗೆ ಕಳಿಸುತ್ತಾರೆ. ಹೊಸ ಮಣ್ಣಿನ ಬಾಣಲೆಯನ್ನು ಅಡುಗೆಗೆ ಮುನ್ನ ಗಂಜಿ ಕುದಿಸಿ ಪಳಗಿಸುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಮರ ಉರುಳಿದ ದಿನದಿಂದ ಪೀಪಾಯಿಗೆ ವಿಸ್ಕಿ ಬೀಳುವವರೆಗೆ ಐದಾರು ವರ್ಷ ಹಿಡಿಯುವುದುಂಟು. ಬೆಲೆಯೂ ಬರ್ಬನ್ ಪೀಪಾಯಿಯ ಹಲವು ಪಟ್ಟು.

ಪಳಗಿಸಲು ಬಳಸಿದ ಆ ಷೆರಿಯ ಗತಿ? ಮರದ ಒಗರನ್ನೆಲ್ಲ ಹೀರಿದ ಅದನ್ನು ಷೆರಿಯೆಂದು ಯಾರೂ ಕುಡಿಯುವುದಿಲ್ಲ. ಕೆಲವು ಪೀಪಾಯಿಗಳಿಗೆ ಮತ್ತೆ ಮತ್ತೆ ತುಂಬಿದ ಮೇಲೆ ಅದನ್ನು ವಿನೆಗರಿಗೋ, ಬ್ರಾಂದಿ ಇಳಿಸುವ ಭಟ್ಟಿಗೋ ಕಳಿಸುತ್ತಾರೆ. ಒಂದು ಕಾಲಕ್ಕೆ ಷೆರಿ ವ್ಯಾಪಾರದಲ್ಲಿ ಮಿಕ್ಕದ್ದು ಪೀಪಾಯಿ. ಈಗ ಪೀಪಾಯಿಯ ವ್ಯಾಪಾರದಲ್ಲಿ ಮಿಕ್ಕುವುದು ಷೆರಿ.

ಇದು ಮೋಸವೇ? ಹಾಗೆನ್ನುವುದು ಸರಿಯಲ್ಲ. ಹಳೆಯ ಸಾಗಣೆ ಪೀಪಾಯಿಗಳಲ್ಲಿ ಷೆರಿ ಯುಗಯುಗಾಂತರ ಇದ್ದಿರಲಿಲ್ಲ. ಆಗ ಯಾವ ಪೀಪಾಯಿ ಹೇಗಿರುತ್ತಿತ್ತೆಂದು ಹೇಳುವವರೂ ಇರಲಿಲ್ಲ. ಸತ್ವ ಕಳೆದುಕೊಂಡ ಪೀಪಾಯಿಗೆ 'ಪಾಕ್ಸರೆಟ್' ಎಂಬ ಗಟ್ಟಿ ಸಿಹಿ ವೈನಿನ ಪಾಕವನ್ನು ಒತ್ತಡದಿಂದ ಕುಡಿಸಿ ಚೇತರಿಸುವ ಪದ್ಧತಿಯೂ ಇತ್ತು. 1990ರ ಸುಮಾರಿಗೆ ಅದು ನಿಂತಿತು. ಹೆರೆಸ್‌ನ ಷೆರಿ ನಿಯಂತ್ರಣ ಮಂಡಳಿ 2015ರಲ್ಲಿ ಪೀಪಾಯಿಗಳಿಗೂ ಪ್ರಮಾಣಪತ್ರದ ವ್ಯವಸ್ಥೆ ತಂದಿತು. ಅಧಿಕೃತ ಷೆರಿ ಕನಿಷ್ಠ ಒಂದು ವರ್ಷ ಇದ್ದ ಪೀಪಾಯಿಗೆ ಮಾತ್ರ ಅದು ಸಿಗುತ್ತದೆ. ಆದರೂ ಕೊಳ್ಳುವವನಿಗೆ ಇದು ತಿಳಿದಿರಬೇಕು. ಚೀಟಿಯ ಮೇಲಿನ ಪದ ಹಳೆಯದು. ಅದು ಹೇಳುವ ವಸ್ತು ಹೊಸದು. ಬಾಟಲಿಯ ಚಿತ್ರದಲ್ಲಿ ಕಾಣುವ ಹಳೆಯ ಷೆರಿ ನೆಲಮಾಳಿಗೆಯಿಂದ ನೇರವಾಗಿ ಬಂದದ್ದಲ್ಲ ಅದು.

ಮರದ ಪಾಲೆಷ್ಟು, ವೈನಿನ ಪಾಲೆಷ್ಟು?

ಈ ಬದಲಾವಣೆಯಿಂದ ಒಂದು ಸತ್ಯ ಹೊರಬಿತ್ತು. ಷೆರಿಯ ರುಚಿಯೆಂದು ನಾವು ಹೊಗಳುವುದರಲ್ಲಿ ಬಹಳಷ್ಟು ಮರದ ರುಚಿಯೇ.

ಯುರೋಪಿನ ಓಕ್ ಮರದಲ್ಲಿ ಟ್ಯಾನಿನ್ ಹೆಚ್ಚು. ಕಡುಚಹಾ ಕುಡಿದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಆ ಒಗರಿಗೆ ಕಾರಣ ಅದೇ. ಕೆಂಪಿಗೆ ತಿರುಗಿದ ಗಾಢ ಬಣ್ಣ, ಲವಂಗದ ಖಾರ ಈ ಮರದ ಕೊಡುಗೆ. ಅಮೆರಿಕದ ಬಿಳಿ ಓಕ್ ಮರದಲ್ಲಿ ಕೊಬ್ಬರಿಯ ವಾಸನೆ ಕೊಡುವ ಲ್ಯಾಕ್ಟೋನ್ ಹೆಚ್ಚು. ವೆನಿಲ್ಲಾದ ಘಮವೂ ಮುಂದು. ಹಲಗೆಯನ್ನು ಬೆಂಕಿಗೆ ಹಿಡಿದಾಗ ಮರದೊಳಗಿನ ಸಕ್ಕರೆಯಂಶ ಕಂದಿ ಬೆಲ್ಲದ ಪಾಕದ ವಾಸನೆ ಬರುತ್ತದೆ. ಷೆರಿ ಇದಕ್ಕೆ ಒಣದ್ರಾಕ್ಷಿ, ಅಂಜೂರ, ಅಕ್ರೋಟುಗಳ ಛಾಯೆ ಕೊಡುತ್ತದೆ. ಮರದ ಹಸಿ ಒಗರನ್ನು ಮುಂಚೆಯೇ ಹೀರಿ ಮೃದುಗೊಳಿಸುವ ಕೆಲಸವನ್ನೂ ಮಾಡುತ್ತದೆ.

ಪೀಪಾಯಿಯ ಆಯುಷ್ಯವೂ ಲೆಕ್ಕಕ್ಕೆ ಬರುತ್ತದೆ. ಷೆರಿಯ ನಂತರ ಮೊದಲ ಬಾರಿ ವಿಸ್ಕಿ ತುಂಬಿದರೆ ಅದು 'ಫಸ್ಟ್ ಫಿಲ್'. ಆಮೇಲಿನದ್ದೆಲ್ಲ 'ರೀಫಿಲ್'. ಚಹಾಪುಡಿಯನ್ನು ಎರಡನೆಯ ಸಲ ಕುದಿಸಿದಂತೆ ಪ್ರತಿ ಸಲವೂ ರುಚಿ ತೆಳುವಾಗುತ್ತದೆ. ತೆಳುವಾದದ್ದೆಲ್ಲ ಕೆಟ್ಟದ್ದೂ ಅಲ್ಲ. ಬಾರ್ಲಿಯ ದನಿ ಕೇಳಬೇಕಾದರೆ ಮರ ಸ್ವಲ್ಪ ಸುಮ್ಮನಿರಬೇಕು. ಇನ್ನು 'ಷೆರಿ ಫಿನಿಶ್' ಎಂದಿದ್ದರೆ ಬೇರೆ ಪೀಪಾಯಿಯಲ್ಲಿ ಮಾಗಿದ ವಿಸ್ಕಿ ಕೊನೆಯ ಕೆಲವು ತಿಂಗಳೋ ಒಂದೆರಡು ವರ್ಷವೋ ಷೆರಿ ಪೀಪಾಯಿಯಲ್ಲಿ ಇದ್ದು ಬಂದಿದೆ ಎಂದರ್ಥ. ಹುಟ್ಟಿದ ಮನೆ ಬೇರೆ, ಬೇಸಿಗೆ ರಜೆ ಕಳೆದ ಮನೆ ಬೇರೆ. ಎರಡಕ್ಕೂ ಒಂದೇ ಬೆಲೆ ಕೊಡುವ ಮುನ್ನ ಚೀಟಿಯನ್ನು ಓದುವುದು ಒಳ್ಳೆಯದು.

ಬಣ್ಣ ನೋಡಿ ಮರುಳಾಗುವುದೂ ಬೇಡ. ಕ್ಯಾರಮೆಲ್ ಬಣ್ಣಕ್ಕೆ ಅನುಮತಿ ಇರುವುದರಿಂದ ಗಾಢತೆಯೊಂದೇ ಸಾಕ್ಷಿಯಾಗದು. ಬಣ್ಣ ಸೇರಿಸದವರು ಸಾಮಾನ್ಯವಾಗಿ ಚೀಟಿಯ ಮೇಲೆ ಹಾಗೆಂದು ಬರೆದುಕೊಂಡಿರುತ್ತಾರೆ.

ಸವಿಯುವ ಬಗೆ

ಇಷ್ಟು ತಿಳಿದ ಮೇಲೆ ಲೋಟ ಕೈಗೆತ್ತಿಕೊಳ್ಳಬಹುದು. ಉದಾಹರಣೆಗೆ ಗ್ಲೆನ್‌ಡ್ರೋನಕ್‌ನ ಹನ್ನೆರಡು ವರ್ಷದ ವಿಸ್ಕಿ. ಓಲೊರೋಸೊ ಮತ್ತು ಪೇದ್ರೊ ಹಿಮೆನೆಸ್ ಎರಡೂ ಬಗೆಯ ಷೆರಿ ಪೀಪಾಯಿಗಳಲ್ಲಿ ಮಾಗಿದ್ದು. ಮದ್ಯಸಾರ ಶೇಕಡಾ 43.

ಮೊದಲ ಮಾತು ಲೋಟದ್ದು. ಅಗಲ ಬಾಯಿಯ ಗಾಜಿನಲ್ಲಿ ಘಮವೆಲ್ಲ ಹಾರಿಹೋಗುತ್ತದೆ. ಕೆಳಗೆ ಉಬ್ಬಿ ಮೇಲೆ ಕಿರಿದಾದ ಪುಟ್ಟ ಗಾಜು ಬೇಕು. ಸ್ಕಾಟ್ಲೆಂಡಿನ ಮಿಶ್ರಣತಜ್ಞರು ಬಹುಕಾಲದಿಂದ ಮೂಸಲು ಬಳಸುತ್ತಾ ಬಂದದ್ದು 'ಕೊಪಿತಾ' ಎಂಬ ಷೆರಿಯ ಗಾಜನ್ನೇ! ಪೀಪಾಯಿಯ ಜೊತೆ ಲೋಟವನ್ನೂ ಸ್ಪೇನಿನಿಂದಲೇ ತಂದಂತಾಯಿತು. ಗಾಜಿಗೆ ಇಪ್ಪತ್ತೈದು ಮೂವತ್ತು ಮಿಲಿಲೀಟರ್ ಸಾಕು. ಐಸ್ ಬೇಡ, ತಂಪು ಘಮವನ್ನು ಮುದುಡಿಸುತ್ತದೆ. ಸೋಡಾವಂತೂ ಮರದ ಹತ್ತು ವರ್ಷದ ಕೆಲಸವನ್ನು ಹತ್ತು ಕ್ಷಣದಲ್ಲಿ ಮುಚ್ಚಿಹಾಕುತ್ತದೆ.

ತುಂಬಿದ ಕೂಡಲೇ ಕುಡಿಯದೆ ಐದು ಹತ್ತು ನಿಮಿಷ ಬಿಡಿ. ಆಮೇಲೆ ಗಾಜನ್ನು ಗದ್ದದ ಹತ್ತಿರ ಹಿಡಿದು, ಬಾಯಿಯನ್ನು ಸ್ವಲ್ಪ ತೆರೆದುಕೊಂಡೇ ಮೆಲ್ಲಗೆ ಮೂಸಿ. ಮೂಗನ್ನು ಗಾಜಿನೊಳಗೆ ತೂರಿಸಿದರೆ ಸಿಗುವುದು ಘಾಟು ಮಾತ್ರ. ಮೊದಲು ಬರುವುದು ಸಾಮಾನ್ಯವಾಗಿ ಒಣದ್ರಾಕ್ಷಿ. ಬಳಿಕ ಖರ್ಜೂರ, ಕಿತ್ತಳೆಯ ಸಿಪ್ಪೆ, ಕರಗಿದ ಬೆಲ್ಲ. ಕೊನೆಗೆ ಲವಂಗ, ದಾಲ್ಚಿನ್ನಿ, ಮೆರುಗೆಣ್ಣೆ ಹಚ್ಚಿದ ಹಳೆಯ ಬೀರುವಿನ ವಾಸನೆ. ಸ್ಕಾಟ್ಲೆಂಡಿನವರು ಇದನ್ನು ಕ್ರಿಸ್‌ಮಸ್ ಕೇಕ್ ಎನ್ನುತ್ತಾರೆ. ನಮ್ಮ ಮೂಗಿಗೆ ಡಿಸೆಂಬರ್ ತಿಂಗಳ ಬೇಕರಿಯ ಪ್ಲಮ್ ಕೇಕ್ ನೆನಪಾದರೂ ಸರಿ, ಹಬ್ಬದ ದಿನದ ಒಗ್ಗರಣೆಯ ದ್ರಾಕ್ಷಿ ಗೋಡಂಬಿ ನೆನಪಾದರೂ ಸರಿ. ತಜ್ಞರ ಪಟ್ಟಿಯಲ್ಲಿರುವುದೆಲ್ಲ ನಮಗೆ ಸಿಗಲೇಬೇಕೆಂಬ ಹಟ ಬೇಡ. ವಾಸನೆಯ ನಿಘಂಟು ಪ್ರತಿಯೊಬ್ಬರಿಗೂ ಅವರವರ ಅಡುಗೆಮನೆಯಲ್ಲೇ ಬರೆದಿರುತ್ತದೆ.

ಗುಟುಕು ಸಣ್ಣದಿರಲಿ. ನುಂಗದೆ ನಾಲಿಗೆಯ ಮೇಲೆ ಹರಡಿ, ಸ್ವಲ್ಪ ಹೊತ್ತು ಬಾಯಿಯಲ್ಲೇ ಹೊರಳಾಡಿಸಿ. ಮೊದಲು ಸಿಹಿ, ನಡುವೆ ಮಸಾಲೆಯ ಬಿಸಿ, ಕೊನೆಗೆ ಒಗರು. ಈ ಮೂರರ ತೂಕವನ್ನೇ ಗಮನಿಸಬೇಕು. ಸಿಹಿ ಮಾತ್ರ ಇದ್ದು ಬೇಗ ಮಾಯವಾದರೆ ಮರ ಪೂರ್ತಿ ಮಾತಾಡಿಲ್ಲ. ಒಗರು ಎದ್ದು ಬಾಯಿ ಒಣಗಿದರೆ ಮರ ಅತಿಯಾಗಿ ಮಾತಾಡಿದೆ. ನುಂಗಿದ ಮೇಲೂ ಹುರಿದ ಬೀಜದ, ಕಹಿ ಚಾಕೊಲೇಟಿನ ನೆನಪು ನಿಂತರೆ ಅದು ಒಳ್ಳೆಯ ಲಕ್ಷಣ.

ಆಮೇಲೆ ಕೆಲವೇ ಹನಿ ನೀರು. ಶೇಕಡಾ 60ರ ಗ್ಲೆನ್‌ಫಾರ್ಕ್ಲಾಸ್ 105ರಂಥ ಗಡಸು ವಿಸ್ಕಿಗಂತೂ ನೀರು ಬೇಕೇ ಬೇಕು. ನೀರು ಬಿದ್ದರೆ ರುಚಿ ಅರಳುತ್ತದೆಂಬ ಹಳಬರ ನಂಬಿಕೆಗೆ 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ರಸಾಯನ ವಿಜ್ಞಾನಿಗಳು ಕಂಪ್ಯೂಟರ್ ಲೆಕ್ಕಾಚಾರದ ಬೆಂಬಲ ಕೊಟ್ಟರು. ಗ್ವಾಯಕಾಲ್ ಎಂಬ ಹೊಗೆವಾಸನೆಯ ಅಣುವನ್ನು ಅವರು ಪರಿಶೀಲಿಸಿದರು. ಮದ್ಯಸಾರ ಹೆಚ್ಚಿದ್ದಾಗ ಅದು ದ್ರವದೊಳಗೇ ಹುದುಗಿರುತ್ತದೆ. ನೀರು ಸೇರಿ ತೆಳುವಾದಾಗ ಮೇಲ್ಮೈಗೆ ಬರುತ್ತದೆ. ಮೂಗು ಇರುವುದೂ ಮೇಲ್ಮೈಯ ಕಡೆಗೇ ತಾನೆ!

ಒಂದು ದೋಷವನ್ನು ಗುರುತಿಸಲು ಕಲಿತಿರಬೇಕು. ಗೀರಿದ ಬೆಂಕಿಕಡ್ಡಿ, ಸುಟ್ಟ ರಬ್ಬರ್, ಬೇಯಿಸಿದ ಕೋಸಿನ ವಾಸನೆ ಬಂದರೆ ಅದು ಗಂಧಕದ ಕೆಲಸವಿರಬಹುದು. ಖಾಲಿ ಪೀಪಾಯಿ ಬೂಸ್ಟು ಹಿಡಿಯದಿರಲೆಂದು ಒಳಗೆ ಗಂಧಕದ ಬತ್ತಿ ಉರಿಸುವ ರೂಢಿಯಿತ್ತು. ಹೊಗೆ ಮರದಲ್ಲಿ ನಿಂತರೆ ವಿಸ್ಕಿಗೂ ಇಳಿಯುತ್ತದೆ. ಕೆಲವರ ಮೂಗಿಗೆ ಅದು ತಿಳಿಯುವುದೇ ಇಲ್ಲ; ಕೆಲವರು ಅದನ್ನೇ ಇಷ್ಟಪಡುತ್ತಾರೆ. ನಿಮಗೆ ಹಿಡಿಸದಿದ್ದರೆ ಅದು ನಿಮ್ಮ ಅರಸಿಕತೆಯಲ್ಲ. ಮರ ಒಳ್ಳೆಯದನ್ನಷ್ಟೇ ನೆನಪಿಟ್ಟುಕೊಳ್ಳುವುದಿಲ್ಲ, ಕೆಟ್ಟದ್ದನ್ನೂ ನೆನಪಿಟ್ಟುಕೊಳ್ಳುತ್ತದೆ.

ನಿಜವಾದ ಪಾಠ ಬೇಕಿದ್ದರೆ ಒಂದೇ ವಯಸ್ಸಿನ ಎರಡು ವಿಸ್ಕಿಗಳನ್ನು, ಒಂದು ಬರ್ಬನ್ ಪೀಪಾಯಿಯದು, ಇನ್ನೊಂದು ಷೆರಿ ಪೀಪಾಯಿಯದು, ಅಕ್ಕಪಕ್ಕ ಇಟ್ಟು ಮೂಸಬೇಕು. ಒಂದರಲ್ಲಿ ಬಾಳೆಹಣ್ಣು, ಜೇನು, ಕೊಬ್ಬರಿ. ಇನ್ನೊಂದರಲ್ಲಿ ಒಣಹಣ್ಣು, ಮಸಾಲೆ. ಎರಡೂ ಹುಟ್ಟುವಾಗ ಬಣ್ಣವಿಲ್ಲದ ಅದೇ ಬಾರ್ಲಿಯ ಬಟ್ಟಿ. ಸವಿಯುವುದೆಂದರೆ ಅಳತೆಯಲ್ಲಿರುವುದು ಎಂಬುದೂ ಈ ಪಾಠದ ಭಾಗ. ಎರಡು ಗಾಜು ದಾಟಿದ ಮೇಲೆ ಮೂಗು ದಣಿಯುತ್ತದೆ, ನಾಲಿಗೆ ಮರಗಟ್ಟುತ್ತದೆ. ಅಲ್ಲಿಂದ ಮುಂದಿನದು ರುಚಿಯಲ್ಲ, ನಶೆ. ಅದರಿಂದ ಹಾಳಾದ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ.

ಮೈಸೂರು ರಸ್ತೆಯ ಪೀಪಾಯಿ

ಈ ಕಥೆಯ ಒಂದು ಕೊನೆ ಕರ್ನಾಟಕದಲ್ಲೂ ಇದೆ. 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರ ಆಗಸ್ಟ್‌ನಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ. ಸ್ಕಾಟ್ಲೆಂಡಿನ ನೆಲದಲ್ಲಿ ಮಾಗದ್ದರಿಂದ ಅದನ್ನು ಸ್ಕಾಚ್ ಎನ್ನುವಂತಿಲ್ಲ. ಅದರ ಭಟ್ಟಿ ಇರುವುದು ಮೈಸೂರು ರಸ್ತೆಯ ಕಂಬೀಪುರದಲ್ಲಿ.

ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗುತ್ತದೆ. ಅದನ್ನು ಅವರು ದೇವತೆಗಳ ಪಾಲು ಎನ್ನುತ್ತಾರೆ. ಬೆಂಗಳೂರಿನ ಹವೆಯಲ್ಲಿ ಶೇಕಡಾ 10ರಿಂದ 12 ಹೋಗುತ್ತದೆ. ನಮ್ಮ ದೇವತೆಗಳ ಬಾಯಾರಿಕೆ ಹೆಚ್ಚು! ಮರವೂ ಇಲ್ಲಿ ಆತುರಾತುರವಾಗಿ ತನ್ನದನ್ನೆಲ್ಲ ಬಿಟ್ಟುಕೊಡುತ್ತದೆ. ಹಾಗಾಗಿ ಇಲ್ಲಿನ ನಾಲ್ಕೈದು ವರ್ಷದ ವಿಸ್ಕಿಯೂ ಬಲಿತಂತೆ ಕಾಣುತ್ತದೆ. ಷೆರಿ ಪೀಪಾಯಿಯಲ್ಲಿ ಹೆಚ್ಚು ದಿನ ಬಿಟ್ಟರೆ ಬಾರ್ಲಿ ಮುಳುಗಿಹೋಗುವ ಅಪಾಯವೂ ಇದೆ. 2010ರಲ್ಲಿ ಬಂದ ಅಮೃತ್ 'ಇಂಟರ್ಮೀಡಿಯೆಟ್ ಷೆರಿ'ಯಲ್ಲಿ ಬರ್ಬನ್ ಮತ್ತು ಹೊಸ ಓಕ್ ಪೀಪಾಯಿಗಳಲ್ಲಿ ಆರಂಭಿಸಿ, ನಡುವೆ ಷೆರಿ ಪೀಪಾಯಿಗೆ ಹಾಕಿ, ಕೊನೆಗೆ ಮತ್ತೆ ಬರ್ಬನ್ ಪೀಪಾಯಿಗೆ ಮರಳಿಸಿದರು. ಹೆರೆಸ್‌ನ ಮರ, ಬೆಂಗಳೂರಿನ ಬಿಸಿಲು ಎರಡನ್ನೂ ಹದದಲ್ಲಿಡುವ ಉಪಾಯವದು.

ಮತ್ತೆ ಮೊದಲ ಪ್ರಶ್ನೆಗೆ ಬರೋಣ. ಷೆರಿ ಕಾಸ್ಕ್ ಎಂಬ ಎರಡು ಪದಗಳಿಗೆ ಬೆಲೆ ತೆತ್ತವನಿಗೆ ಸಿಗುವುದೇನು? ಹಡಗಿನಿಂದ ಇಳಿದ ಹಳೆಯ ಪೀಪಾಯಿ ಸಿಗದು. ಆ ಕಾಲ ಮುಗಿಯಿತು. ಸಿಗುವುದು ಕಾಡಿನ ಮರವೊಂದರ ಸತ್ವ, ಅದನ್ನು ಬಾಗಿಸಿದವನ ಬೆಂಕಿ, ಯಾರೂ ಕುಡಿಯದೆ ವಿನೆಗರಾದ ಒಂದು ವೈನಿನ ನೆನಪು. ಇದೂ ಕಡಿಮೆಯದೇನಲ್ಲ. ಎರಡು ಮೂರು ಬಾರಿ ವಿಸ್ಕಿ ತುಂಬಿ ತೆಗೆದ ಮೇಲೆ ಪೀಪಾಯಿಯ ಕಸುವೂ ತೀರುತ್ತದೆ. ಆಗ ಅದನ್ನು ನಡುವೆ ಕೊಯ್ದು, ಮಣ್ಣು ತುಂಬಿ, ಸ್ಕಾಟ್ಲೆಂಡಿನ ಮನೆಯಂಗಳಗಳಲ್ಲಿ ಹೂವಿನ ಗಿಡ ನೆಡುತ್ತಾರೆ. ಮಳೆ ಬಂದ ದಿನ ಹತ್ತಿರ ಹೋದರೆ, ಉಪ್ಪಿನ ಮರಿಗೆಯಂತೆ, ಅದರಿಂದ ಇನ್ನೂ ಸಣ್ಣಗೆ ವಿಸ್ಕಿಯ ವಾಸನೆ ಬರುತ್ತದಂತೆ.